ಹೆರಿಗೆಯ ನಂತರ ಓಡಿದರೆ, ಭಾರ ಎತ್ತಿದರೆ ಮೂತ್ರ ಸೋರುತ್ತದೆಯೇ? ಕಾರಣ, ತಪ್ಪು ನಂಬಿಕೆಗಳು ಮತ್ತು ಪರಿಹಾರ

ಕೆಮ್ಮಿದಾಗ, ಸೀನಿದಾಗ, ಜೋರಾಗಿ ನಕ್ಕಾಗ, ಓಡಿದಾಗ ಅಥವಾ ತುಂಬಿದ ಕೊಡ ಎತ್ತಿದಾಗ ನಾಲ್ಕು ಹನಿ ಮೂತ್ರ ತಾನಾಗಿಯೇ ಹೊರಬಂದುಬಿಡುತ್ತದೆ. ಹೆರಿಗೆಯಾದ ಎಷ್ಟೋ ಹೆಂಗಸರಿಗೆ ಇದು ಗೊತ್ತಿರುವ ಸಂಗತಿ. ಬೇರೆ ಬೇರೆ ದೇಶಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟಿಗೆ ನೋಡಿದರೆ, ಹೆರಿಗೆಯ ನಂತರದ ಮೊದಲ ಮೂರು ತಿಂಗಳಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಈ ತೊಂದರೆ ಇರುತ್ತದೆ. ಆದರೆ ಇದರ ಬಗ್ಗೆ ಮಾತನಾಡುವವರು ಕಡಿಮೆ. ತಾಯಿಗೆ ಹೇಳಲು ಸಂಕೋಚ, ಅತ್ತೆಗೆ ಹೇಳಲು ಹಿಂಜರಿಕೆ, ಗಂಡನಿಗೆ ಹೇಳುವ ಮಾತೇ ಇಲ್ಲ.

ಮಾತನಾಡದೆ ಇರುವುದರಿಂದ ಆಗುವ ನಷ್ಟ ದೊಡ್ಡದು. ಕೆಲವರು ವಾಕಿಂಗ್ ನಿಲ್ಲಿಸುತ್ತಾರೆ. ಕೆಲವರು ಮದುವೆ, ಜಾತ್ರೆಗೆ ಹೋಗುವುದನ್ನೇ ಬಿಡುತ್ತಾರೆ. ಕೆಲವರು ದಿನವಿಡೀ ನೀರು ಕುಡಿಯದೆ ಇರುತ್ತಾರೆ. ಇನ್ನು ಕೆಲವರು ಬೇಡದ ಆಪರೇಷನ್‌ಗೆ ಒಪ್ಪಿಕೊಳ್ಳುತ್ತಾರೆ. ಆದರೆ ಇದು ಹೆಚ್ಚಿನವರಲ್ಲಿ ಒಂದು ಸ್ನಾಯು ಸಡಿಲಗೊಂಡಿದ್ದರಿಂದ ಬಂದ ತೊಂದರೆ. ಆ ಸ್ನಾಯುವಿಗೆ ಸರಿಯಾದ ಅಭ್ಯಾಸ ಕೊಟ್ಟರೆ ಖರ್ಚಿಲ್ಲದೆ, ಮನೆಯಲ್ಲೇ ಸಾಕಷ್ಟು ಸುಧಾರಿಸಿಕೊಳ್ಳಬಹುದು. ಹೇಗೆ ಎಂಬುದನ್ನು ಈ ಬರಹದಲ್ಲಿ ನೋಡೋಣ.

ಈ ವಿಷಯದ ಮೇಲಿನ ಹೆಚ್ಚಿನ ಮಾಹಿತಿ ಜಿಮ್‌ಗೆ ಹೋಗುವ, ಮ್ಯಾರಥಾನ್ ಓಡುವ ನಗರದವರಿಗಾಗಿ ಬರೆದದ್ದು. ಹಾಗಾಗಿ ನಾವು ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ತಾಯಂದಿರ ದಿನಚರಿಯನ್ನು ಮುಂದಿಟ್ಟುಕೊಂಡು ಇದನ್ನು ವಿವರಿಸುತ್ತಿದ್ದೇವೆ. ಬೇರೆ ಊರಿನವರಿಗೂ ಇದೇ ಅನ್ವಯಿಸುತ್ತದೆ.

ನಮ್ಮಲ್ಲಿ ವ್ಯಾಯಾಮ ಎಂದರೆ ಯಾವುದು?

ನರಗುಂದದ ಗುಡ್ಡದ ಕಡೆ ಬೆಳಗಿನ ವಾಕಿಂಗ್, ಕಾಲಕಾಲೇಶ್ವರ ದೇವಸ್ಥಾನದ ಮೆಟ್ಟಿಲು ಹತ್ತುವುದು, ಶಾಲೆಯ ಮೈದಾನದಲ್ಲಿ ಪೊಲೀಸ್ ನೇಮಕಾತಿಗಾಗಿ ಓಟದ ತಯಾರಿ, ಮನೆಯಲ್ಲಿ ಮೊಬೈಲ್ ನೋಡಿಕೊಂಡು ಮಾಡುವ ಯೋಗ, ಸ್ಕಿಪ್ಪಿಂಗ್: ಇವೆಲ್ಲ ವ್ಯಾಯಾಮವೇ. ಆದರೆ ದೇಹಕ್ಕೆ ವ್ಯಾಯಾಮ ಮತ್ತು ಕೆಲಸದ ನಡುವಿನ ವ್ಯತ್ಯಾಸ ಗೊತ್ತಾಗುವುದಿಲ್ಲ. ಎರೆ ಹೊಲದಲ್ಲಿ ಬಗ್ಗಿ ಕಳೆ ತೆಗೆಯುವುದು, ಹೆಸರು ಬಿಡಿಸುವುದು, ಕಡಲೆ ಕೀಳುವುದು, ಮೇವಿನ ಹೊರೆ ಹೊರುವುದು, ಖಾತ್ರಿ ಕೆಲಸದಲ್ಲಿ ಮಣ್ಣಿನ ಬುಟ್ಟಿ ಎತ್ತುವುದು ಕೂಡ ಹೊಟ್ಟೆಯ ಮೇಲೆ ಅಷ್ಟೇ ಒತ್ತಡ ಹಾಕುತ್ತವೆ. ಒಂದು ಲೀಟರ್ ನೀರಿನ ತೂಕ 1 ಕಿಲೋ. ಅಂದರೆ 15 ಲೀಟರ್ ಹಿಡಿಯುವ ಕೊಡವನ್ನು ಸೊಂಟಕ್ಕೆ ಇಟ್ಟುಕೊಂಡರೆ, ಕೊಡದ ತೂಕ ಬಿಟ್ಟೇ 15 ಕಿಲೋ ಎತ್ತಿದಂತಾಯಿತು. ಜಿಮ್‌ನಲ್ಲಿ ತೂಕ ಎತ್ತುವವರಿಗೆ ಹೇಳುವ ಎಚ್ಚರಿಕೆ ಕೊಡ ಎತ್ತುವವರಿಗೂ ಬೇಕು.

ದೇಹದೊಳಗೆ ಏನಾಗುತ್ತದೆ?

ನಮ್ಮ ಸೊಂಟದ ಮೂಳೆಗಳ ಕೆಳಭಾಗ ತೆರೆದಿರುತ್ತದೆ. ಮುಂದಿನ ಮೂಳೆಯಿಂದ ಹಿಂದಿನ ಬಾಲದ ಮೂಳೆಯವರೆಗೆ ಹಲವು ಸ್ನಾಯುಗಳು ಜೋಳಿಗೆಯಂತೆ ಹರಡಿಕೊಂಡು ಆ ಜಾಗವನ್ನು ಮುಚ್ಚಿರುತ್ತವೆ. ಇವುಗಳಿಗೆ ಪೆಲ್ವಿಕ್ ಫ್ಲೋರ್ ಸ್ನಾಯುಗಳು ಎಂದು ಹೆಸರು. ನಾವು ಇಲ್ಲಿ ಸುಲಭಕ್ಕೆ ‘ತಳದ ಸ್ನಾಯು’ ಎಂದು ಕರೆಯೋಣ. ಮೂತ್ರಕೋಶ, ಗರ್ಭಕೋಶ, ಗುದನಾಳ ಮೂರೂ ಈ ಜೋಳಿಗೆಯ ಮೇಲೆ ಕುಳಿತಿವೆ. ಮೂತ್ರನಾಳ, ಯೋನಿ ಮತ್ತು ಗುದದ್ವಾರ ಇದರ ನಡುವಿನಿಂದ ಹಾದುಹೋಗುತ್ತವೆ.

ಹೆಂಗಸರ ಮೂತ್ರನಾಳ ಚಿಕ್ಕದು, ಸುಮಾರು 4 ಸೆಂಟಿಮೀಟರ್ ಮಾತ್ರ. ಕೆಮ್ಮಿದಾಗ ಅಥವಾ ಜಿಗಿದಾಗ ಹೊಟ್ಟೆಯೊಳಗಿನ ಒತ್ತಡ ಒಮ್ಮೆಲೇ ಏರಿ ಮೂತ್ರಕೋಶವನ್ನು ಮೇಲಿನಿಂದ ಅದುಮುತ್ತದೆ. ಗಟ್ಟಿಯಾದ ತಳದ ಸ್ನಾಯು ಆ ಕ್ಷಣಕ್ಕೆ ತಾನಾಗಿ ಬಿಗಿದು ಮೂತ್ರನಾಳಕ್ಕೆ ಕೆಳಗಿನಿಂದ ಆಸರೆ ಕೊಡುತ್ತದೆ. ನೀರಿನ ಪೈಪನ್ನು ಗಟ್ಟಿ ನೆಲದ ಮೇಲಿಟ್ಟು ತುಳಿದರೆ ನೀರು ನಿಲ್ಲುತ್ತದೆ, ಕೆಸರಿನ ಮೇಲಿಟ್ಟು ತುಳಿದರೆ ಪೈಪು ಕೆಸರಿಗಿಳಿಯುತ್ತದೆ, ನೀರು ಹರಿಯುತ್ತಲೇ ಇರುತ್ತದೆ. ಇಲ್ಲಿಯೂ ಹಾಗೆಯೇ. ತಳ ಸಡಿಲವಾದರೆ ಮೂತ್ರನಾಳ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ.

ಬಸಿರಿನ ತಿಂಗಳುಗಳಲ್ಲಿ ಮಗುವಿನ ಭಾರ ಈ ಜೋಳಿಗೆಯ ಮೇಲೆಯೇ ಬೀಳುತ್ತದೆ. ಹಾರ್ಮೋನುಗಳು ಅಂಗಾಂಶಗಳನ್ನು ಮೆತ್ತಗೆ ಮಾಡುತ್ತವೆ. ಸಹಜ ಹೆರಿಗೆಯಲ್ಲಿ ಮಗುವಿನ ತಲೆ ಹೊರಬರುವಾಗ ಈ ಸ್ನಾಯುವಿನ ಒಳಭಾಗ ತನ್ನ ಮೊದಲಿನ ಉದ್ದದ ಮೂರು ಪಟ್ಟಿನಷ್ಟು ಹಿಗ್ಗಬೇಕಾಗುತ್ತದೆ ಎಂದು ಕಂಪ್ಯೂಟರ್ ಮಾದರಿಗಳು ತೋರಿಸಿವೆ. ದೇಹದ ಬೇರೆ ಯಾವ ಸ್ನಾಯುವನ್ನಾದರೂ ಅಷ್ಟು ಎಳೆದರೆ ಹರಿದೇ ಹೋಗುತ್ತದೆ. ಇದು ಮಾತ್ರ ಬಹುಪಾಲು ತಾಳಿಕೊಳ್ಳುತ್ತದೆ, ಆದರೆ ಮತ್ತೆ ಬಿಗಿಯಾಗಲು ಸಮಯ ಬೇಕು. ಮಗು ದಪ್ಪವಿದ್ದರೆ, ತುಂಬಾ ಹೊತ್ತು ಮುಕ್ಕಬೇಕಾಗಿ ಬಂದಿದ್ದರೆ, ಫೋರ್ಸೆಪ್ಸ್ ಬಳಸಿದ್ದರೆ, ಆಳವಾದ ಗಾಯವಾಗಿದ್ದರೆ ತೊಂದರೆಯ ಸಾಧ್ಯತೆ ಹೆಚ್ಚು.

ಸೋರಿಕೆಯಲ್ಲಿಯೂ ಬೇರೆ ಬೇರೆ ಬಗೆ ಇವೆ

ಯಾವ ಬಗೆ ಎಂದು ಗುರುತಿಸಿಕೊಳ್ಳುವುದು ಮುಖ್ಯ. ಪರಿಹಾರ ಅದರ ಮೇಲೆ ನಿಂತಿದೆ.

- ಒತ್ತಡದ ಸೋರಿಕೆ: ಕೆಮ್ಮು, ಸೀನು, ಓಟ, ಜಿಗಿತ, ಭಾರ ಎತ್ತುವಿಕೆ, ಈ ಹೊತ್ತಿನಲ್ಲಿ ಮಾತ್ರ ಸೋರುತ್ತದೆ. ಹೆರಿಗೆಯ ನಂತರ ಹೆಚ್ಚಾಗಿ ಕಾಣುವುದು ಇದೇ. ಈ ಬರಹ ಮುಖ್ಯವಾಗಿ ಇದರ ಬಗ್ಗೆ.
- ಅವಸರದ ಸೋರಿಕೆ: ಇದ್ದಕ್ಕಿದ್ದಂತೆ ಒಂದಕ್ಕೆ ಅವಸರವಾಗಿ, ಬಚ್ಚಲು ಮುಟ್ಟುವುದರೊಳಗೆ ಸೋರುತ್ತದೆ. ಇದಕ್ಕೆ ಬೇರೆ ಚಿಕಿತ್ಸೆಯೂ ಬೇಕಾಗಬಹುದು.
- ಎರಡೂ ಸೇರಿದ್ದು: ಕೆಲವರಿಗೆ ಎರಡೂ ಇರುತ್ತವೆ.
- ನಿಲ್ಲದ ಸೋರಿಕೆ: ಕುಳಿತರೂ, ಮಲಗಿದರೂ, ಹಗಲು ರಾತ್ರಿ ಒಂದೇ ಸಮನೆ ಒದ್ದೆಯಾಗುತ್ತಿರುತ್ತದೆ. ಇದು ಬೇರೆಯದೇ ಕಾಯಿಲೆ ಇರಬಹುದು. ಕಷ್ಟದ ಹೆರಿಗೆಯಲ್ಲಿ ಮಗುವಿನ ತಲೆ ಬಹಳ ಹೊತ್ತು ಸಿಕ್ಕಿಕೊಂಡಾಗ ಮೂತ್ರಕೋಶ ಮತ್ತು ಯೋನಿಯ ನಡುವೆ ರಂಧ್ರವಾಗುವುದುಂಟು. ಇದನ್ನು ಫಿಸ್ಟುಲಾ ಎನ್ನುತ್ತಾರೆ. ಇದಕ್ಕೆ ವ್ಯಾಯಾಮ ಪರಿಹಾರವಲ್ಲ. ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ತಪ್ಪು ನಂಬಿಕೆಗಳು ಮತ್ತು ನಿಜ

‘ಹೆತ್ತ ಮೇಲೆ ಇದೆಲ್ಲಾ ಇದ್ದದ್ದೇ, ಸಹಿಸಿಕೊಳ್ಳಬೇಕು’

ಇದು ಸಾಮಾನ್ಯ, ಆದರೆ ಸಹಿಸಿಕೊಂಡೇ ಇರಬೇಕಾದದ್ದಲ್ಲ. ಅನೇಕರಿಗೆ ಮೊದಲ ಕೆಲವು ತಿಂಗಳಲ್ಲಿ ತಾನಾಗಿ ಕಡಿಮೆಯಾಗುತ್ತದೆ. ಮೂರು ತಿಂಗಳಾದರೂ ಸೋರುತ್ತಿದ್ದರೆ ಅದು ಮುಂದೆಯೂ ಉಳಿಯುವ ಸಾಧ್ಯತೆ ಹೆಚ್ಚು. ಆದ್ದರಿಂದ ಕಾಯುತ್ತಾ ಕೂರುವುದಕ್ಕಿಂತ ಬೇಗ ಅಭ್ಯಾಸ ಆರಂಭಿಸುವುದು ಲೇಸು. ಹೆರಿಗೆಯಾಗಿ ಹತ್ತು ವರ್ಷವಾಗಿದ್ದರೂ ಆರಂಭಿಸಬಹುದು.

‘ಬಾಣಂತಿ ನೀರು ಕಡಿಮೆ ಕುಡಿಯಬೇಕು, ಆಗ ಸೋರುವುದಿಲ್ಲ’

ಬಾಣಂತಿಗೆ ನೀರು ಅಳೆದು ಕೊಡುವ ಪದ್ಧತಿ ನಮ್ಮ ಕಡೆ ಇನ್ನೂ ಇದೆ. ಇದರಿಂದ ಸೋರಿಕೆ ನಿಲ್ಲುವುದಿಲ್ಲ, ಕೇಡೇ ಹೆಚ್ಚು. ನೀರು ಕಡಿಮೆಯಾದರೆ ಮೂತ್ರ ಗಾಢವಾಗಿ ಉರಿ ಬರುತ್ತದೆ, ಮೂತ್ರದ ಸೋಂಕಿಗೆ ದಾರಿಯಾಗುತ್ತದೆ. ಮಲಬದ್ಧತೆಯಾಗಿ ಮುಕ್ಕಬೇಕಾಗುತ್ತದೆ. ದಿನಾ ಮುಕ್ಕುವುದರಿಂದ ತಳದ ಸ್ನಾಯು ಇನ್ನಷ್ಟು ಸಡಿಲವಾಗುತ್ತದೆ. ಹಾಲೂಡಿಸುವ ತಾಯಿಗೆ ಬಾಯಾರಿಕೆ ಹೆಚ್ಚು, ಅದಕ್ಕೆ ತಕ್ಕಂತೆ ಕುಡಿಯಬೇಕು. ಮೂತ್ರ ತಿಳಿ ಹಳದಿಯಾಗಿದ್ದರೆ ನೀರು ಸಾಕಾಗುತ್ತಿದೆ ಎಂದರ್ಥ. ಚಹಾ ಹೆಚ್ಚಾದರೆ ಕೆಲವರಿಗೆ ಅವಸರ ಹೆಚ್ಚುತ್ತದೆ, ಅದನ್ನು ಕಡಿಮೆ ಮಾಡಿ ನೋಡಬಹುದು.

‘ಹೊಟ್ಟೆ ಬಿಗಿದು ಕಟ್ಟಿದರೆ ಒಳಗಿನದೆಲ್ಲ ಗಟ್ಟಿಯಾಗುತ್ತದೆ’

ಬಾಣಂತನದಲ್ಲಿ ಹೊಟ್ಟೆಗೆ ಹಳೆಯ ಸೀರೆ ಸುತ್ತುವುದರಿಂದ ಸೊಂಟಕ್ಕೆ ಆಸರೆ ಸಿಕ್ಕು ಹಾಯೆನಿಸಬಹುದು. ಸಿಸೇರಿಯನ್ ಆದವರಿಗೆ ಎದ್ದು ಕೂರಲು ಅನುಕೂಲವೂ ಆಗಬಹುದು. ಆದರೆ ಬಟ್ಟೆ ಕಟ್ಟಿದರೆ ತಳದ ಸ್ನಾಯು ಗಟ್ಟಿಯಾಗುವುದಿಲ್ಲ. ಉಸಿರು ಕಟ್ಟುವಷ್ಟು ಬಿಗಿದರೆ ಹೊಟ್ಟೆಯ ಒತ್ತಡ ಕೆಳಗೇ ಇಳಿದು ಸೋರಿಕೆ ಹೆಚ್ಚಬಹುದು. ಕಟ್ಟುವುದಿದ್ದರೆ ಆರಾಮಾಗಿ ಉಸಿರಾಡುವಷ್ಟು ಸಡಿಲ ಇರಲಿ.

‘ಸಿಸೇರಿಯನ್ ಆದವರಿಗೆ ಈ ತೊಂದರೆ ಬರುವುದಿಲ್ಲ’

ಸಾಧ್ಯತೆ ಕಡಿಮೆ, ಆದರೆ ಇಲ್ಲವೇ ಇಲ್ಲ ಎಂದಲ್ಲ. ಒಂಬತ್ತು ತಿಂಗಳ ಭಾರ ಅವರ ತಳದ ಸ್ನಾಯುವೂ ಹೊತ್ತಿರುತ್ತದೆ. ಅವರೂ ಅಭ್ಯಾಸ ಮಾಡಬೇಕು. ಸೋರಿಕೆಯ ಭಯದಿಂದಲೇ ಸಿಸೇರಿಯನ್ ಕೇಳುವುದು ಸರಿಯಲ್ಲ.

‘ಗರ್ಭಕೋಶ ತೆಗೆಸಿದರೆ ಎಲ್ಲ ಸರಿಹೋಗುತ್ತದೆ’

ಇದು ಎಲ್ಲಕ್ಕಿಂತ ಅಪಾಯದ ನಂಬಿಕೆ. ಮೂತ್ರ ಸೋರುವುದು ಗರ್ಭಕೋಶದ ಕಾಯಿಲೆಯಲ್ಲ. ಅದನ್ನು ತೆಗೆಸಿದರೆ ಸೋರಿಕೆ ವಾಸಿಯಾಗುವುದಿಲ್ಲ, ಕೆಲವರಲ್ಲಿ ಹೆಚ್ಚಿದ್ದೂ ಉಂಟು. ಕಲಬುರಗಿ ಮತ್ತು ಹಾವೇರಿ ಜಿಲ್ಲೆಗಳಲ್ಲಿ ಬಿಳಿ ಮುಟ್ಟು, ಸೊಂಟನೋವಿನಂಥ ಸಣ್ಣ ತೊಂದರೆಗಳಿಗೂ ಬಡ ಹೆಂಗಸರ ಗರ್ಭಕೋಶ ತೆಗೆಯಲಾಗಿದೆ ಎಂಬ ದೂರುಗಳು ಕಳೆದ ದಶಕದಲ್ಲಿ ಬಂದು ತನಿಖೆ ನಡೆದದ್ದು ನಮ್ಮ ನೆನಪಿನಲ್ಲಿರಬೇಕು. ಸೋರಿಕೆಗಾಗಿ ಯಾರಾದರೂ ಗರ್ಭಕೋಶ ತೆಗೆಸಲು ಹೇಳಿದರೆ ಇನ್ನೊಬ್ಬ ವೈದ್ಯರನ್ನು ಕೇಳದೆ ಒಪ್ಪಬೇಡಿ.

‘ಮೂತ್ರ ಮಾಡುವಾಗ ನಡುವೆ ತಡೆಯುವುದೇ ವ್ಯಾಯಾಮ’

ದಿನವೂ ಹೀಗೆ ಮಾಡಬಾರದು. ಮೂತ್ರಕೋಶ ಪೂರ್ತಿ ಖಾಲಿಯಾಗದೆ ಸೋಂಕಿಗೆ ಕಾರಣವಾಗಬಹುದು. ಅಭ್ಯಾಸವನ್ನು ಮೂತ್ರಕೋಶ ಖಾಲಿಯಿದ್ದಾಗಲೇ ಮಾಡಬೇಕು.

ತಳದ ಸ್ನಾಯುವಿನ ಅಭ್ಯಾಸ: ಹೆಜ್ಜೆ ಹೆಜ್ಜೆಯಾಗಿ

ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಈ ಅಭ್ಯಾಸದ ಬಗ್ಗೆ ಬರೆದರು. ಅದಕ್ಕೇ ಇದನ್ನು ಕೆಗೆಲ್ ವ್ಯಾಯಾಮ ಎನ್ನುತ್ತಾರೆ. ಆಮೇಲೆ ಇದರ ಮೇಲೆ ಬಹಳಷ್ಟು ಸಂಶೋಧನೆ ನಡೆದಿದೆ. ಅವನ್ನೆಲ್ಲ ಒಟ್ಟುಗೂಡಿಸಿ 2018ರಲ್ಲಿ ಕೊಕ್ರೇನ್ ಸಂಸ್ಥೆ ಪ್ರಕಟಿಸಿದ ವಿಮರ್ಶೆಯಲ್ಲಿ, ಒತ್ತಡದ ಸೋರಿಕೆ ಇದ್ದು ಅಭ್ಯಾಸ ಮಾಡಿದವರಲ್ಲಿ 100ಕ್ಕೆ 56 ಮಂದಿ ವಾಸಿಯಾಯಿತು ಎಂದರೆ, ಚಿಕಿತ್ಸೆ ಇಲ್ಲದವರಲ್ಲಿ ಹಾಗೆ ಹೇಳಿದವರು 100ಕ್ಕೆ 6 ಮಂದಿ ಮಾತ್ರ.

ಸಹಜ ಹೆರಿಗೆಯಾಗಲಿ, ಸಿಸೇರಿಯನ್ ಆಗಲಿ, ಮೂತ್ರದ ನಳಿಗೆ ತೆಗೆದು ಸರಾಗವಾಗಿ ಮೂತ್ರ ಹೋಗಲು ಆರಂಭವಾದ ಮೇಲೆ, ನೋವಾಗದಷ್ಟು ಮೆಲ್ಲಗೆ ಇದನ್ನು ಶುರು ಮಾಡಬಹುದು. ಆಳವಾದ ಗಾಯ, ಹೊಲಿಗೆ ಇದ್ದವರು ಮೊದಲು ವೈದ್ಯರನ್ನು ಕೇಳಿಕೊಳ್ಳಿ.

1. ಸ್ನಾಯು ಗುರುತಿಸಿ. ಅಂಗಾತ ಮಲಗಿ ಮೊಣಕಾಲು ಮಡಚಿ. ನಾಲ್ಕು ಜನರ ನಡುವೆ ಗಾಳಿ ಹೋಗದಂತೆ ತಡೆಯುವ ಹಾಗೆ ಹಿಂಬದಿಯನ್ನು ಬಿಗಿ ಮಾಡಿ. ಜೊತೆಗೇ ಮೂತ್ರ ತಡೆಯುವ ಹಾಗೆ ಮುಂಬದಿಯನ್ನೂ ಬಿಗಿ ಮಾಡಿ. ಒಳಗೆ, ಮೇಲಕ್ಕೆ ಎಳೆದಂತೆ ಅನಿಸಿದರೆ ಸರಿಯಾದ ಸ್ನಾಯು ಸಿಕ್ಕಿತು.
2. ನಿಧಾನದ ಬಿಗಿತ. ಬಿಗಿ ಮಾಡಿ, ಮನಸ್ಸಿನಲ್ಲಿ ಮೂರರವರೆಗೆ ಎಣಿಸಿ, ಪೂರ್ತಿ ಸಡಿಲ ಬಿಡಿ. ಅಷ್ಟೇ ಹೊತ್ತು ವಿಶ್ರಾಂತಿ ಕೊಡಿ. ಹೀಗೆ 8 ಸಲ. ವಾರ ವಾರಕ್ಕೆ ಒಂದೊಂದು ಎಣಿಕೆ ಹೆಚ್ಚಿಸುತ್ತಾ ಹತ್ತರವರೆಗೆ ಹೋಗಿ.
3. ಚುರುಕು ಬಿಗಿತ. ಥಟ್ಟನೆ ಬಿಗಿ ಮಾಡಿ, ಥಟ್ಟನೆ ಬಿಡಿ. ಹೀಗೆ 8ರಿಂದ 10 ಸಲ. ಕೆಮ್ಮು, ಸೀನು ಬಂದಾಗ ಉಪಯೋಗಕ್ಕೆ ಬರುವುದು ಈ ಚುರುಕುತನವೇ.
4. ದಿನಕ್ಕೆ ಮೂರು ಹೊತ್ತು. ಮೊದಲು ಮಲಗಿ, ರೂಢಿಯಾದ ಮೇಲೆ ಕುಳಿತು, ನಂತರ ನಿಂತು ಮಾಡಿ.
5. ಕನಿಷ್ಠ ಮೂರು ತಿಂಗಳು. ಆರೆಂಟು ವಾರಕ್ಕೆ ವ್ಯತ್ಯಾಸ ಕಾಣತೊಡಗುತ್ತದೆ. ಕಾಣಿಸಿತೆಂದು ನಿಲ್ಲಿಸಬೇಡಿ. ಮೂರು ತಿಂಗಳಾದ ಮೇಲೆ ದಿನಕ್ಕೊಮ್ಮೆ ಮಾಡಿದರೂ ಸಾಕು.

ಇದಕ್ಕೆ ಬೇರೆ ಸಮಯ ಬೇಕಿಲ್ಲ. ಮಗುವಿಗೆ ಹಾಲೂಡಿಸುವಾಗ, ಹಾಲು ಉಕ್ಕಲು ಕಾಯುವಾಗ, ಬಸ್ಸಿನಲ್ಲಿ ಕುಳಿತಾಗ, ಗಜೇಂದ್ರಗಡದ ನೇಕಾರ ಮನೆಗಳಲ್ಲಾದರೆ ಮಗ್ಗದ ಕೆಲಸದ ನಡುವಿನ ಬಿಡುವಿನಲ್ಲಿ ಮಾಡಬಹುದು. ಪಕ್ಕದಲ್ಲಿ ಕುಳಿತವರಿಗೂ ಗೊತ್ತಾಗುವುದಿಲ್ಲ.

ಮೂರು ತಪ್ಪುಗಳನ್ನು ಮಾಡಬೇಡಿ. ಉಸಿರು ಹಿಡಿಯಬೇಡಿ. ತೊಡೆ, ಪಿರ್ರೆ, ಹೊಟ್ಟೆ ಬಿಗಿ ಮಾಡಬೇಡಿ. ಮಲ ವಿಸರ್ಜನೆಗೆ ಮುಕ್ಕುವ ಹಾಗೆ ಕೆಳಕ್ಕೆ ತಳ್ಳಬೇಡಿ. ಕೆಳಕ್ಕೆ ತಳ್ಳಿದರೆ ತೊಂದರೆ ಹೆಚ್ಚುತ್ತದೆ. ಸಡಿಲ ಬಿಡುವುದೂ ಬಿಗಿ ಮಾಡುವಷ್ಟೇ ಮುಖ್ಯ ಎಂಬುದು ನೆನಪಿರಲಿ.

ಕೆಮ್ಮುವ ಮೊದಲು ಬಿಗಿ ಮಾಡಿ

ಇದೊಂದು ಸಣ್ಣ ಯುಕ್ತಿ, ಬೇಗ ಫಲ ಕೊಡುತ್ತದೆ. ಕೆಮ್ಮು, ಸೀನು ಬರುತ್ತದೆ ಎನ್ನುವಾಗ, ಕೊಡಕ್ಕೆ ಕೈ ಹಾಕುವಾಗ, ಮಗುವನ್ನು ನೆಲದಿಂದ ಎತ್ತಿಕೊಳ್ಳುವಾಗ ಮೊದಲು ತಳದ ಸ್ನಾಯು ಬಿಗಿ ಮಾಡಿ, ಆಮೇಲೆ ಕೆಮ್ಮಿ ಅಥವಾ ಎತ್ತಿ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಸಣ್ಣ ಅಧ್ಯಯನವೊಂದರಲ್ಲಿ, ಈ ಯುಕ್ತಿಯನ್ನು ಒಂದೇ ವಾರ ಕಲಿತ ಹೆಂಗಸರಲ್ಲಿ ಕೆಮ್ಮಿದಾಗಿನ ಸೋರಿಕೆ ಬಹಳ ಮಟ್ಟಿಗೆ ಇಳಿಯಿತು. ಸ್ನಾಯು ಗಟ್ಟಿಯಾಗಲು ತಿಂಗಳುಗಳು ಬೇಕು, ಸರಿಯಾದ ಹೊತ್ತಿಗೆ ಬಿಗಿ ಮಾಡುವುದನ್ನು ಒಂದು ವಾರದಲ್ಲಿ ಕಲಿಯಬಹುದು.

ವ್ಯಾಯಾಮಕ್ಕೆ ಮರಳುವುದು ಯಾವಾಗ, ಹೇಗೆ?

ಸೋರುತ್ತದೆ ಎಂದು ವ್ಯಾಯಾಮ ಬಿಡುವುದು ಪರಿಹಾರವಲ್ಲ. ನಡಿಗೆ ನಿಂತರೆ ತೂಕ ಏರುತ್ತದೆ, ಏರಿದ ತೂಕ ತಳದ ಸ್ನಾಯುವಿನ ಮೇಲೆಯೇ ಬೀಳುತ್ತದೆ. ವ್ಯಾಯಾಮದ ಕ್ರಮ ಬದಲಿಸಬೇಕು, ಅಷ್ಟೆ.

ಮೊದಲ ಆರು ವಾರ: ತಳದ ಸ್ನಾಯುವಿನ ಅಭ್ಯಾಸ ಮತ್ತು ಮನೆಯೊಳಗೆ, ಅಂಗಳದಲ್ಲಿ ಮೆಲ್ಲಗೆ ನಡಿಗೆ. ಮಗುವಿಗಿಂತ ಭಾರದ ವಸ್ತು ಎತ್ತಬೇಡಿ. ತುಂಬಿದ ಕೊಡ, ಹಿಟ್ಟಿನ ಡಬ್ಬಿ, ಒದ್ದೆ ಬಟ್ಟೆಯ ಬುಟ್ಟಿ ಮನೆಯ ಬೇರೆಯವರ ಪಾಲಿಗಿರಲಿ.

ಆರರಿಂದ ಹನ್ನೆರಡು ವಾರ: ನಡಿಗೆಯ ದೂರ ನಿಧಾನಕ್ಕೆ ಹೆಚ್ಚಿಸಿ. ಸರಳ ಯೋಗ ಮಾಡಬಹುದು. ಹೊಟ್ಟೆಗೆ ರಭಸದ ಒತ್ತಡ ಹಾಕುವ ಕಪಾಲಭಾತಿ, ಎರಡೂ ಕಾಲು ಒಟ್ಟಿಗೆ ಎತ್ತುವ ಆಸನಗಳು ಸದ್ಯಕ್ಕೆ ಬೇಡ.

ಮೂರು ತಿಂಗಳ ನಂತರ: ಓಟ, ಸ್ಕಿಪ್ಪಿಂಗ್‌ಗೆ ಅಲ್ಲಿಯವರೆಗೆ ಕಾಯಿರಿ ಎಂದು 2019ರಲ್ಲಿ ಬ್ರಿಟನ್‌ನ ಫಿಸಿಯೋಥೆರಪಿಸ್ಟ್‌ಗಳು ಸಿದ್ಧಪಡಿಸಿದ ಮಾರ್ಗದರ್ಶಿ ಹೇಳುತ್ತದೆ. ಓಡುವ ಮೊದಲು ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಿ. ಅರ್ಧ ಗಂಟೆ ಬಿರುಸಾಗಿ ನಡೆಯಿರಿ, ಒಂದು ಕಾಲಿನ ಮೇಲೆ ಹತ್ತು ಸೆಕೆಂಡ್ ನಿಲ್ಲಿ, ಒಂದು ನಿಮಿಷ ನಿಂತಲ್ಲೇ ಮೆಲ್ಲಗೆ ಜಾಗಿಂಗ್ ಮಾಡಿ, ಪ್ರತಿ ಕಾಲಿನ ಮೇಲೆ ಹತ್ತು ಸಲ ಕುಂಟಿ. ಸೋರದಿದ್ದರೆ, ಕೆಳಗೆ ಭಾರ ಎನಿಸದಿದ್ದರೆ, ನೋವಿಲ್ಲದಿದ್ದರೆ ಓಟ ಆರಂಭಿಸಬಹುದು. ಮೊದಲು ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ನಂತರ ಓಟದ ಪಾಲು ಹೆಚ್ಚಿಸುತ್ತಾ ಹೋಗಿ. ಸೋರಿದರೆ ಹಿಂದಿನ ಹಂತಕ್ಕೆ ಇಳಿದು ಎರಡು ವಾರ ಬಿಟ್ಟು ಮತ್ತೆ ಪ್ರಯತ್ನಿಸಿ. ನೇಮಕಾತಿಯ ಓಟಕ್ಕೆ ತಯಾರಾಗುವ ತಾಯಂದಿರು ಈ ಮೂರು ತಿಂಗಳನ್ನು ಮೊದಲೇ ಲೆಕ್ಕಕ್ಕೆ ಹಿಡಿದು ತಯಾರಿ ಶುರು ಮಾಡಬೇಕು.

ಭಾರ ಎತ್ತುವಾಗ: ಸೊಂಟ ಬಗ್ಗಿಸಿ ಎಳೆಯಬೇಡಿ. ಮೊಣಕಾಲು ಮಡಚಿ, ವಸ್ತುವನ್ನು ಮೈಗೆ ಹತ್ತಿರ ತಂದು, ತಳ ಬಿಗಿ ಮಾಡಿ, ಬಾಯಿಂದ ಉಸಿರು ಬಿಡುತ್ತಾ ಮೇಲೇಳಿ. ಉಸಿರು ಕಟ್ಟಿ ಎತ್ತಿದರೆ ಒತ್ತಡವೆಲ್ಲ ಕೆಳಗಿಳಿಯುತ್ತದೆ. ಒಂದು ತುಂಬಿದ ಕೊಡಕ್ಕಿಂತ ಎರಡು ಅರ್ಧ ಕೊಡ ಲೇಸು.

ಅಲ್ಲಿಯವರೆಗೆ ನಿಭಾಯಿಸುವುದು ಹೇಗೆ?

- ವಾಕಿಂಗ್‌ಗೆ, ಹೊಲಕ್ಕೆ ಹೊರಡುವ ಮೊದಲು ಮೂತ್ರ ಮಾಡಿ. ಹಾಗೆಂದು ಅರ್ಧ ಗಂಟೆಗೊಮ್ಮೆ ಹೋಗುವುದೂ ಬೇಡ. ಮೂತ್ರಕೋಶ ಸ್ವಲ್ಪಕ್ಕೇ ಅವಸರ ಮಾಡುವುದನ್ನು ರೂಢಿಸಿಕೊಳ್ಳುತ್ತದೆ. ಎರಡು ಮೂರು ಗಂಟೆಗೊಮ್ಮೆ ಸರಿ.
- ಹೊಲದಲ್ಲಿ, ಸಂತೆಯಲ್ಲಿ ಶೌಚಾಲಯ ಇಲ್ಲವೆಂದು ದಿನವಿಡೀ ತಡೆದುಕೊಳ್ಳುವುದು ಒಳ್ಳೆಯದಲ್ಲ. ತುಂಬಿ ಬಿಗಿದ ಮೂತ್ರಕೋಶ ಬೇಗ ಸೋರುತ್ತದೆ.
- ಪ್ಯಾಡ್ ಅಥವಾ ಶುದ್ಧ ಹತ್ತಿ ಬಟ್ಟೆ ಬಳಸಿ. ಒದ್ದೆಯಾದ ಕೂಡಲೇ ಬದಲಿಸಿ, ಬಟ್ಟೆಯನ್ನು ಸೋಪಿನಲ್ಲಿ ಒಗೆದು ಬಿಸಿಲಿಗೆ ಒಣಗಿಸಿ. ಒದ್ದೆ ಬಟ್ಟೆಯಲ್ಲೇ ಇದ್ದರೆ ತೊಡೆಸಂದಿನಲ್ಲಿ ಹುಣ್ಣಾಗುತ್ತದೆ.
- ಜೋಳದ ರೊಟ್ಟಿ, ಕಾಳಿನ ಪಲ್ಯ, ಸೊಪ್ಪು ಮತ್ತು ಸಾಕಷ್ಟು ನೀರು ಮಲಬದ್ಧತೆ ತಡೆಯುತ್ತವೆ. ಬಾಣಂತಿಗೆ ಬರೀ ಅನ್ನ, ತುಪ್ಪ ಕೊಟ್ಟು ಸೊಪ್ಪು ಬಿಡಿಸುವುದು ಸರಿಯಲ್ಲ.
- ಬಹಳ ದಿನದ ಕೆಮ್ಮಿದ್ದರೆ ಚಿಕಿತ್ಸೆ ಪಡೆಯಿರಿ. ಒಲೆಯ ಹೊಗೆಯಿಂದ, ಬಾಣಂತಿಯ ಕೋಣೆಯಲ್ಲಿ ಹೊರಸಿನ ಕೆಳಗೆ ಇಡುವ ಕೆಂಡದ ಹೊಗೆಯಿಂದ ಕೆಮ್ಮು ಬರುತ್ತಿದ್ದರೆ ಅದನ್ನು ನಿಲ್ಲಿಸಿ.

ವೈದ್ಯರನ್ನು ಯಾವಾಗ ಕಾಣಬೇಕು?

ಈ ಕೆಳಗಿನವು ಇದ್ದರೆ ಮೂರು ತಿಂಗಳು ಕಾಯಬೇಡಿ:

- ಹಗಲು ರಾತ್ರಿ ನಿಲ್ಲದೆ ಸೋರುತ್ತಿದ್ದರೆ
- ಮೂತ್ರ ಮಾಡಲು ಆಗದಿದ್ದರೆ, ಅಥವಾ ಹೊಟ್ಟೆ ಬಿಗಿದಿದ್ದು ಹನಿ ಹನಿಯಾಗಿ ಮಾತ್ರ ಬರುತ್ತಿದ್ದರೆ
- ಉರಿ, ಜ್ವರ, ಮೂತ್ರದಲ್ಲಿ ರಕ್ತ ಇದ್ದರೆ
- ಯೋನಿಯಲ್ಲಿ ಗಂಟು ಇಳಿದಂತೆ, ಏನೋ ಜಾರಿದಂತೆ ಅನಿಸಿದರೆ
- ಮಲ ಅಥವಾ ಗಾಳಿ ತಡೆಯಲು ಆಗದಿದ್ದರೆ
- ಕಾಲು ಅಥವಾ ತೊಡೆಸಂದಿಯಲ್ಲಿ ಮರಗಟ್ಟಿದರೆ

ಇವೇನೂ ಇಲ್ಲದಿದ್ದರೂ ಮೂರು ತಿಂಗಳ ಅಭ್ಯಾಸದ ನಂತರವೂ ಸೋರುತ್ತಿದ್ದರೆ ತೋರಿಸಿಕೊಳ್ಳಿ. ವೈದ್ಯರು ಮೂತ್ರ ಪರೀಕ್ಷೆ ಮಾಡಿಸುತ್ತಾರೆ, ಕೆಮ್ಮಲು ಹೇಳಿ ನೋಡುತ್ತಾರೆ, ತಳದ ಸ್ನಾಯುವಿನ ಬಲ ಪರೀಕ್ಷಿಸುತ್ತಾರೆ. ಬೇಕಿದ್ದರೆ ಫಿಸಿಯೋಥೆರಪಿಗೆ ಕಳಿಸುತ್ತಾರೆ. ಎಷ್ಟೋ ಮಂದಿ ತಪ್ಪಾದ ಸ್ನಾಯು ಬಿಗಿ ಮಾಡುತ್ತಿರುತ್ತಾರೆ, ಒಮ್ಮೆ ತಿದ್ದಿಸಿಕೊಂಡರೆ ಫಲ ಬೇಗ ಸಿಗುತ್ತದೆ. ಯೋನಿಯೊಳಗೆ ಇಡುವ ಪೆಸರಿ ಎಂಬ ಸಾಧನವೂ ಕೆಲವರಿಗೆ ಅನುಕೂಲ. ಸೋರಿಕೆಗೆ ಶಸ್ತ್ರಚಿಕಿತ್ಸೆಯೂ ಇದೆ. ಆದರೆ ಅದು ಕೊನೆಯ ಹೆಜ್ಜೆ, ಸಾಮಾನ್ಯವಾಗಿ ಇನ್ನು ಮಕ್ಕಳು ಬೇಡ ಎಂದ ಮೇಲಿನ ಮಾತು.

ಯಾರಿಗೆ ಹೇಳಬೇಕು, ಹೇಗೆ ಹೇಳಬೇಕು?

ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿಯ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಭೇಟಿ ಕೊಡಬೇಕೆಂಬ ನಿಯಮವಿದೆ. 42ನೇ ದಿನದ ಭೇಟಿ ಈ ಮಾತಿಗೆ ಒಳ್ಳೆಯ ಹೊತ್ತು. ತವರಿನಲ್ಲಿ ಬಾಣಂತನ ಮಾಡಿಸಿಕೊಳ್ಳುವವರು ಆ ಊರಿನ ಆಶಾಗೆ ಹೇಳಬಹುದು. ಅವರು ಕೇಳದಿದ್ದರೆ ನೀವೇ ಬಾಯಿಬಿಡಿ. ಒಂದೇ ಮಾತು ಸಾಕು: ‘ಅಕ್ಕಾರ, ಕೆಮ್ಮಿದ್ರ, ಭಾರ ಎತ್ತಿದ್ರ ಒಂದಕ್ಕ ಸೋರತೈತ್ರಿ. ಯಾರಿಗೆ ತೋರಸ್ಬೇಕ್ರಿ?’

ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಆರಂಭಿಸಿ, ರೋಣ ಮತ್ತು ನರಗುಂದದ ತಾಲ್ಲೂಕು ಆಸ್ಪತ್ರೆಗಳಲ್ಲಿ, ಗಜೇಂದ್ರಗಡದ ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಬಹುದು. ಹೆಚ್ಚಿನ ಚಿಕಿತ್ಸೆ ಬೇಕಾದರೆ ಗದಗದಲ್ಲಿ ಜಿಮ್ಸ್ ಎಂದು ಹೆಸರಾದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಹಾಗೂ ಹುಬ್ಬಳ್ಳಿಯಲ್ಲಿ ಹಿಂದೆ ಕಿಮ್ಸ್ ಎಂಬ ಹೆಸರಿದ್ದ ಸರ್ಕಾರಿ ಆಸ್ಪತ್ರೆ ಇವೆ. ಫೋನಿನಲ್ಲೇ ಸಲಹೆ ಬೇಕಿದ್ದರೆ ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಬಹುದು. ಪುರುಷ ವೈದ್ಯರ ಮುಂದೆ ಸಂಕೋಚವಾದರೆ ಲೇಡಿ ಡಾಕ್ಟರ್ ಯಾವ ದಿನ ಇರುತ್ತಾರೆ ಎಂದು ಮೊದಲೇ ಕೇಳಿಕೊಳ್ಳಿ.

ಮನೆಯವರು ಮಾಡಬೇಕಾದದ್ದು

ಸೊಸೆ ಅಥವಾ ಮಗಳು ಪದೇ ಪದೇ ಬಟ್ಟೆ ಬದಲಿಸುತ್ತಿದ್ದರೆ, ನೀರು ಕುಡಿಯಲು ಹಿಂಜರಿಯುತ್ತಿದ್ದರೆ, ಹೊರಗೆ ಬರಲು ಒಲ್ಲೆ ಎನ್ನುತ್ತಿದ್ದರೆ ಬೈಯುವ ಮೊದಲು ಕಾರಣ ಕೇಳಿ. ಅತ್ತೆಯೂ, ತಾಯಿಯೂ ಇದನ್ನು ಸಹಿಸಿಕೊಂಡು ಬಂದವರೇ ಆಗಿರಬಹುದು. ಆಗ ಅಭ್ಯಾಸವನ್ನು ಇಬ್ಬರೂ ಜೊತೆಗೆ ಮಾಡಿದರೆ ಇಬ್ಬರಿಗೂ ಲಾಭ. ಗಂಡನಾದವನು ಮೂರು ತಿಂಗಳು ನೀರಿನ ಕೊಡ ಹೊತ್ತರೆ ಅದೂ ಚಿಕಿತ್ಸೆಯ ಒಂದು ಭಾಗವೇ.

ಇನ್ನು ಬಸುರಿಯರಿಗೆ ಒಂದು ಮಾತು. ಸೋರಿಕೆ ಇಲ್ಲದಿರುವಾಗಲೇ, ಬಸಿರಿನ ಮೊದಲ ತಿಂಗಳುಗಳಿಂದ ಈ ಅಭ್ಯಾಸ ಮಾಡುವವರಿಗೆ ಹೆರಿಗೆಯ ನಂತರ ಸೋರುವ ಸಾಧ್ಯತೆ ಕಡಿಮೆ ಎಂದು ಅಧ್ಯಯನಗಳು ತೋರಿಸಿವೆ. ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ಎಂಟು ಸಲ. ಇವತ್ತೇ ಶುರು ಮಾಡಬಹುದು.